ಬರ್ತೀನಿ ಅಂತ ಹೇಳೋದು ಹೇಗೆ: ಅಮೆರಿಕದ ದೇವಸ್ಥಾನದ ಸೇವೆ ಮುಗಿಸಿ ಊರಿಗೆ ವಾಪಸ್ ಬರೋ ಭಟ್ರಿಗೆ ಸಮಗ್ರ ಮಾರ್ಗದರ್ಶಿ

ಹೋದ ತಿಂಗಳು ತೀರ್ಥಹಳ್ಳಿ ಕಡೆ ಹುಡುಗ ಒಬ್ಬ ಅಮೆರಿಕದಿಂದ ಫೋನ್ ಮಾಡಿದ್ದ. ಪಾಠಶಾಲೆಲಿ ನನಗಿಂತ ಎಂಟು ವರ್ಷ ಕಿರಿಯ, ಅಲ್ಲಿ ದೇವಸ್ಥಾನದ ಅರ್ಚಕ, ವೀಸಾದ ಐದು ವರ್ಷ ಮುಗೀತಾ ಬಂದಿದೆ. ಅಣ್ಣ ಸೂಟ್‌ಕೇಸ್ ಎಷ್ಟು ತರಬಹುದು, ಬ್ಯಾಂಕ್ ಅಕೌಂಟ್ ಏನ್ ಮಾಡೋದು ಅಂತ ಕೇಳ್ದ, ಅದನ್ನ ಹತ್ತು ನಿಮಿಷದಲ್ಲಿ ಹೇಳಿ ಮುಗಿಸ್ದೆ. ಆಮೇಲೆ ಸುಮ್ನೆ ಕೇಳ್ದೆ, ಜನಕ್ಕೆಲ್ಲ ಹೇಳಿ ಆಯ್ತಾ ಅಂತ. "ಇಲ್ಲ ಅಣ್ಣ, ಕೊನೇ ವಾರ ಹೇಳಣ ಅಂತ ಇದ್ದೀನಿ, ಮೊದ್ಲೇ ಹೇಳಿದ್ರೆ ಎಲ್ಲರೂ ಅಳ್ತಾರೆ, ನಂಗೂ ತಡ್ಕೊಳ್ಳಕ್ಕೆ ಆಗಲ್ಲ" ಅಂದ. ಅಲ್ಲಿಂದ ಒಂದೂವರೆ ಗಂಟೆ ಮಾತಾಡಿದೀವಿ. ಅವನಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೀತಾ ಇದ್ದೀನಿ, ಯಾಕಂದ್ರೆ ಸಾಗರ, ಹೊಸನಗರ, ಶೃಂಗೇರಿ, ಕೊಪ್ಪ ಕಡೆಯಿಂದ ಹೀಗೆ ಹೋದ ಹುಡುಗರು ತುಂಬ ಜನ ಇದ್ದಾರೆ, ಹೋಗೋದು ಹೇಗೆ ಅಂತ ಹೇಳಿಕೊಡೋರು ಸಿಗ್ತಾರೆ, ಬಿಟ್ಟು ಬರೋದು ಹೇಗೆ ಅಂತ ಯಾರೂ ಹೇಳ್ಕೊಡಲ್ಲ.

ನಾನು ಹೋಗಿದ್ದು 2018ರಲ್ಲಿ, ಬಂದಿದ್ದು 2023ರಲ್ಲಿ. ಅಲ್ಲಿ ಎರಡು ದೇವಸ್ಥಾನದಲ್ಲಿ ಕೆಲಸ ಮಾಡ್ದೆ. ಮೊದಲನೇದರಿಂದ ಹೊರಡುವಾಗ ನಾನೂ ಇದೇ ಹುಡುಗನ ಹಾಗೆ ಕೊನೇ ಭಾನುವಾರ ಮಂಗಳಾರತಿ ಆದ್ಮೇಲೆ ಮೈಕ್ ಹಿಡ್ಕೊಂಡು ಹೇಳಿಬಿಟ್ಟೆ. ಆ ಭಾನುವಾರ ಜ್ವರ ಬಂದು ಬರದೇ ಇದ್ದ ಏಳು ವರ್ಷದ ಹುಡುಗಿ ಒಬ್ಳು ನನ್ನ ಹತ್ರ ಶ್ಲೋಕ ಕಲೀತಿದ್ದವಳು, ಮುಂದಿನ ವಾರ ಬಂದು ಗರ್ಭಗುಡಿ ಬಾಗಿಲಲ್ಲಿ ನಿಂತು ನಮ್ಮ ಭಟ್ರು ಎಲ್ಲಿ ಅಂತ ಕೇಳಿದ್ಲಂತೆ, ಅವರಮ್ಮ ಆಮೇಲೆ ಫೋನಲ್ಲಿ ಹೇಳಿದ್ರು. ಆ ಮಾತು ಇವತ್ತಿಗೂ ಹೋಗಿಲ್ಲ. ಎರಡನೇ ದೇವಸ್ಥಾನ ಬಿಡುವಾಗ ಬೇರೆ ರೀತಿ ಮಾಡ್ದೆ, ಆ ರೀತಿ ನಾನು ಕಲ್ತಿದ್ದು ನಮ್ಮ ಅಜ್ಜನಿಂದ.

ನಮ್ಮದು ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ. ಅಜ್ಜನ ಮೂಲ ಊರು ಕಣಿವೆಲಿ ಇತ್ತು, 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಮುಗಿದು ನೀರು ನಿಂತಾಗ ಊರು ಮುಳುಗಡೆ ಆಯ್ತು. ಊರವ್ರೆಲ್ಲ ಒಂದೇ ಕಡೆ ಹೋಗ್ಲಿಲ್ಲ, ಒಬ್ಬೊಬ್ರು ಒಂದೊಂದು ದಿಕ್ಕು. ಅಜ್ಜ ಹೊರಡೋ ಮೊದಲು ಎರಡು ತಿಂಗಳು ದಿನಕ್ಕೊಂದು ಮನೆ ಅಂತ ಹೋಗಿ ಜಗಲಿಲಿ ಕೂತು ಕವಳ ಹಾಕಿ, ಕೊಡೋ ಅಡಿಕೆ ಬಾಕಿ ಇದ್ರೆ ಕೊಟ್ಟು, ಜಗಳ ಇದ್ದ ಮನೆಗೂ ಹೋಗಿ ಕೂತು ಬಂದ್ರಂತೆ. ಜಾತ್ರೆ ಥರ ಎಲ್ಲರನ್ನೂ ಸೇರಿಸಿ ಒಂದೇ ಸಲ ಹೇಳಿ ಮುಗಿಸ್ಲಿಲ್ಲ. ನಾನು ಕೆಳಗೆ ಹೇಳೋ ಎಲ್ಲದರ ಬುಡ ಇದೇ: ಬೇಗ ಹೇಳಿ, ಒಬ್ಬೊಬ್ಬರಿಗೇ ಹೇಳಿ, ದೇವರ ಕೆಲಸ ನಿಮ್ಮ ಕೈಯಿಂದ ಇನ್ನೊಬ್ಬರ ಕೈಗೆ ಹೋಗೋದನ್ನ ಜನ ಕಣ್ಣಾರೆ ನೋಡೋ ಹಾಗೆ ಮಾಡಿ.

ಎಂಟು ತಿಂಗಳು ಇರುವಾಗ: ತಾರೀಕು ಗಟ್ಟಿ ಮಾಡ್ಕೊಳ್ಳಿ

ಆರ್-1, ಅಂದ್ರೆ ಧಾರ್ಮಿಕ ಕೆಲಸಕ್ಕೆ ಹೋಗೋರ ವೀಸಾ, ಮೊದಲು ಹೆಚ್ಚಂದ್ರೆ 30 ತಿಂಗಳಿಗೆ ಸಿಗತ್ತೆ, ಆಮೇಲೆ ಇನ್ನೊಂದು 30 ತಿಂಗಳು ವಿಸ್ತರಣೆ, ಒಟ್ಟು 5 ವರ್ಷ. ಹೆಂಡತಿ ಮತ್ತೆ 21 ವರ್ಷದ ಒಳಗಿನ ಮಕ್ಕಳು ಆರ್-2ರಲ್ಲಿ ಬರ್ತಾರೆ, ಅವರು ಓದಬಹುದು, ದುಡಿಯೋ ಹಾಗಿಲ್ಲ. ನಿಮ್ಮ ಲೆಕ್ಕದ ಕೊನೇ ದಿನ ಯಾವ್ದು ಅಂತ ಟ್ರಸ್ಟಿಗಳ ಬಾಯಿಮಾತು ನಂಬಬೇಡಿ, ನಿಮ್ಮ ಐ-94, ಅಂದ್ರೆ ಯಾವತ್ತಿನ ತನಕ ಇರಬಹುದು ಅಂತ ಹೇಳೋ ಪ್ರವೇಶದ ದಾಖಲೆ, ತೆಗೆದು ನೀವೇ ನೋಡಿ, ವಕೀಲರ ಹತ್ರ ಒಂದ್ಸಲ ಕೂತು ಕೇಳಿ. ನಾನು ಬರೋ ಕಾಲಕ್ಕೆ ಮತ್ತೆ ಹೋಗ್ಬೇಕು ಅಂದ್ರೆ ಒಂದು ವರ್ಷ ಹೊರಗೆ ಇರಬೇಕು ಅಂತಿತ್ತು, ಈ ನಿಯಮಗಳು ಬದಲಾಗ್ತಾ ಇರ್ತವೆ, ಹಾಗಾಗಿ ನಿಮ್ಮ ವರ್ಷದ ನಿಯಮ ಏನು ಅಂತ ಅವರ ಬಾಯಲ್ಲೇ ಕೇಳ್ಕೊಳ್ಳಿ. ಇದನ್ನ ಮೊದಲು ಮಾಡೋದು ಯಾಕಂದ್ರೆ, ಮತ್ತೆ ಬರ್ತೀರಾ ಭಟ್ರೇ ಅಂತ ಎಲ್ಲರೂ ಕೇಳೋ ಮೊದಲ ಪ್ರಶ್ನೆ ಇದೇ, ಅದಕ್ಕೆ ನಿಮ್ಮತ್ರ ಸತ್ಯವಾದ ಉತ್ತರ ಇರಬೇಕು.

ಅಲ್ಲೇ ಹುಟ್ಟಿದ ಮಗು ಇದ್ರೆ ಇವತ್ತೇ ಒಸಿಐ, ಅಂದ್ರೆ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡಿನ ಕೆಲಸ ಶುರು ಮಾಡಿ. ಮಗು ಅಮೆರಿಕದ ಪ್ರಜೆ, ಪಾಸ್‌ಪೋರ್ಟ್ ಆ ದೇಶದ್ದು, 16 ವರ್ಷದ ಒಳಗಿನವರಿಗೆ ಅದು ಐದೇ ವರ್ಷ ನಡೆಯೋದು. ಒಸಿಐ ಕಾರ್ಡ್ ಅಥವಾ ವೀಸಾ ಇಲ್ದೆ ಮಗುವನ್ನ ಭಾರತಕ್ಕೆ ಕರ್ಕೊಂಡು ಬರಕ್ಕೆ ಆಗಲ್ಲ. ನಮ್ಮ ಚಿಕ್ಕವಳದ್ದು ಇನ್ನೂ ಬಂದಿಲ್ಲ ಅಂತ ಕೊನೇ ತಿಂಗಳು ಪೂರ್ತಿ ನಾವಿಬ್ರೂ ದಿನಾ ಅಂಚೆ ಡಬ್ಬಿ ನೋಡ್ತಿದ್ವಿ, ಆ ಆತಂಕದಲ್ಲಿ ಒಂದೆರಡು ಮನೆಗೆ ಹೋಗೋದೇ ತಪ್ಪಿ ಹೋಯ್ತು.

ಯಾರಿಗೆ ಮೊದಲು, ಯಾರಿಗೆ ಆಮೇಲೆ

ಮೊದಲು ಟ್ರಸ್ಟಿನ ಅಧ್ಯಕ್ಷರು ಮತ್ತೆ ಕಾರ್ಯದರ್ಶಿ, ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಬರವಣಿಗೆಲಿ ಕೊಡಿ. ಹೊಸ ಅರ್ಚಕರನ್ನ ಕರ್ಸೋಕೆ ತಿಂಗಳುಗಟ್ಟಲೆ ಬೇಕು, ಅರ್ಜಿ ಹಾಕ್ಬೇಕು, ಕಾನ್ಸುಲೇಟ್ ಸಂದರ್ಶನ ಆಗ್ಬೇಕು. ನೀವು ಕೆಲಸ ಬಿಟ್ಟ ಮೇಲೆ 14 ದಿನದೊಳಗೆ ಅವರು ಇಮಿಗ್ರೇಷನ್‌ಗೆ ತಿಳಿಸಬೇಕು ಅಂತ ನಿಯಮ ಇದೆ, ಅದನ್ನೂ ನೆನಪು ಮಾಡಿ.

ಎರಡನೇದು ಜೊತೆ ಅರ್ಚಕರು. ನಮ್ಮಲ್ಲಿ ಆಂಧ್ರದವರು ಒಬ್ರು, ತಮಿಳುನಾಡಿನವರು ಒಬ್ರು ಇದ್ರು, ಒಂದೇ ಅಡುಗೆಮನೆ, ಚಳಿಗಾಲದಲ್ಲಿ ಒಂದೇ ಕಾರು. ಅವರಿಗೆ ಟ್ರಸ್ಟಿಗಳ ಬಾಯಿಂದ ಗೊತ್ತಾದ್ರೆ ಬೇಜಾರಾಗತ್ತೆ, ಆಗ್ಲೇಬೇಕು.

ಮೂರನೇದು ಅಡುಗೆ ಸೇವೆಗೆ ಬರೋ ಹೆಂಗಸರು. ವಾರವಾರ ಇನ್ನೂರು ಜನಕ್ಕೆ ಪುಳಿಯೋಗರೆ ಮೊಸರನ್ನ ಮಾಡಿ ಪಾತ್ರೆ ತೊಳೆದು ಹೋಗೋರು ಅವರು, ಎಷ್ಟೋ ಸಲ ಅವರಿಗೆ ಸುದ್ದಿ ಮುಟ್ಟೋದೇ ಕೊನೆಗೆ. ನಮ್ಮನೆಯವಳು ಒಂದು ಶನಿವಾರ ಅವರ ಜೊತೆ ತರಕಾರಿ ಹೆಚ್ಚೋಕೆ ಕೂತು ಅಲ್ಲೇ ಹೇಳಿದ್ಲು. ನಾನು ಸಭೆಲಿ ಹೇಳಿದ್ದಕ್ಕಿಂತ ಅದು ಎಷ್ಟೋ ಚೆನ್ನಾಗಿತ್ತು.

ಆಮೇಲೆ ಉಳಿದವರಿಗೆ. ಹೊರಡೋಕೆ ಮೂರು ತಿಂಗಳು ಇರುವಾಗ ಭಾನುವಾರದ ಪೂಜೆ ನಂತರ ಹೇಳಿ, ಎರಡು ವಾರ ಬಿಟ್ಟು ಮತ್ತೆ ಹೇಳಿ, ಮೊದಲ ಸಲ ಬಂದಿರದವರು ಇರ್ತಾರೆ. ವಾಟ್ಸಾಪ್ ಗ್ರೂಪಿಗೆ ಹಾಕೋದು ಇದೆಲ್ಲ ಆದ್ಮೇಲೆ.

ಪುಸ್ತಕ ಬರೆದಿಡಿ

ಇದಕ್ಕೆ ಎರಡು ತಿಂಗಳು ಬೇಕು, ದಿನಾ ರಾತ್ರಿ ಅರ್ಧ ಗಂಟೆ. ಒಂದು ದಪ್ಪ ನೋಟ್‌ಬುಕ್ ತಗೊಂಡು ಹೊಸಬರಿಗೆ ಅಂತ ಬರೀರಿ. ಪೂಜೆ ಹೇಗೆ ಮಾಡೋದು ಅಂತ ಬರೆಯೋದು ಬೇಡ, ಅದು ಅವರಿಗೆ ಗೊತ್ತಿರತ್ತೆ. ಆ ಜಾಗದ್ದು ಬರೀರಿ. ಬೆಳಿಗ್ಗೆ ಯಾವ ದೇವರ ಬಾಗಿಲು ಮೊದಲು ತೆಗೆಯೋದು, ಒಂದೇ ಸೂರಿನಡಿ ಶಿವ, ವೆಂಕಟರಮಣ, ಅಯ್ಯಪ್ಪ, ನವಗ್ರಹ ಎಲ್ಲ ಇರೋ ಕಡೆ ಅಭಿಷೇಕದ ಸರದಿ ಯಾವ್ದು, ಗುಜರಾತಿನವರು ಯಾವ ಹಬ್ಬಕ್ಕೆ ಬರ್ತಾರೆ, ತೆಲುಗಿನವರಿಗೆ ಯಾವ ವ್ರತ ಮುಖ್ಯ, ಬೆಳ್ಳಿ ಕವಚ ಯಾವ ಕೀಲಿ, ಹಾಲು ಹೂವು ಎಲ್ಲಿಂದ ಬರತ್ತೆ, ಹಿಮ ಬಿದ್ದ ದಿನ ಹೂವಿಗೆ ಏನು ಮಾಡೋದು.

ಹೋಮದ ವಿಷಯ ಒಂದು ಪುಟ ಪೂರ್ತಿ ಬರೀರಿ. ಊರಲ್ಲಿ ಹೋಮ ಅಂದ್ರೆ ಕಟ್ಟಿಗೆ, ತುಪ್ಪ, ಸಮಿಧೆ ನೋಡ್ಕೊಂಡ್ರೆ ಆಯ್ತು. ಅಲ್ಲಿ ಹೊಗೆ ಅಲಾರಂ ಇದೆ, ಮೊದಲೇ ಅಲಾರಂ ಕಂಪನಿಗೆ ಫೋನ್ ಮಾಡಿ ಇಷ್ಟು ಗಂಟೆಯಿಂದ ಇಷ್ಟು ಗಂಟೆ ಅಂತ ಹೇಳ್ಬೇಕು, ಫ್ಯಾನ್ ಸ್ವಿಚ್ ಎಲ್ಲಿದೆ ಗೊತ್ತಿರಬೇಕು, ಮುಗಿದ್ಮೇಲೆ ಮತ್ತೆ ಅಲಾರಂ ಆನ್ ಮಾಡ್ಸಿದ್ದನ್ನ ಖಾತ್ರಿ ಮಾಡ್ಕೋಬೇಕು. ಪೂರ್ಣಾಹುತಿ ಹೊತ್ತಿಗೆ ಫೈರ್ ಇಂಜಿನ್ ಬಂದು ನಿಂತಿದ್ದನ್ನ ನಾನು ನೋಡಿದೀನಿ, ಹೊಸಬರಿಗೆ ಮೊದಲ ವಾರ ಅಂಥದ್ದು ಆಗಬಾರದು.

ಪಂಚಾಂಗದ್ದೂ ಬರೀರಿ. ತಿಥಿ ಮುಗಿಯೋ ಕ್ಷಣ ಎಲ್ಲ ಕಡೆಗೂ ಒಂದೇ, ಆದ್ರೆ ಅಮೆರಿಕದ ಪೂರ್ವ ಭಾಗ ಬೇಸಿಗೆಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಅದರಿಂದ ಸೂರ್ಯೋದಯಕ್ಕೆ ಇರೋ ತಿಥಿ ಬೇರೆ ಆಗಿ ಏಕಾದಶಿ, ಸಂಕಷ್ಟಿ ಎಷ್ಟೋ ಸಲ ಒಂದು ದಿನ ಮೊದಲೇ ಬರತ್ತೆ. ಊರಿಂದ ಬಂದ ಕ್ಯಾಲೆಂಡರ್ ನೋಡಿ ಹೇಳಿದ್ರೆ ತಪ್ಪಾಗತ್ತೆ. ನೀವು ಯಾವ ಲೆಕ್ಕ ಹಿಡೀತಿದ್ರಿ, ಯಾಕೆ ಅಂತ ಬರೆದಿಟ್ರೆ ಜನಕ್ಕೂ ಗೊಂದಲ ಇರಲ್ಲ.

ದೇವರ ಆಭರಣ ಇಬ್ಬರು ಟ್ರಸ್ಟಿಗಳ ಎದುರಿಗೆ ಒಂದೊಂದೇ ತೂಗಿ ಫೋಟೋ ತೆಗೆದು ಪಟ್ಟಿ ಮಾಡಿ ಮೂರು ಪ್ರತಿಗೆ ಸಹಿ ಹಾಕ್ಸಿ, ಒಂದು ನಿಮ್ಮತ್ರ ಇಟ್ಕೊಳ್ಳಿ. ಎಷ್ಟೇ ಹತ್ತಿರದವರಾದ್ರೂ ಇದನ್ನ ಬಿಡಬೇಡಿ. ಐದು ವರ್ಷದ ನಂತರ ಒಂದು ಮೂಗುಬೊಟ್ಟಿನ ಲೆಕ್ಕಕ್ಕೆ ನಿಮ್ಮ ಹೆಸರು ಬರಬಾರದು.

ಇನ್ನೊಂದು ಪಟ್ಟಿ ಇದೆ, ಇದು ಬಹಳ ಮುಖ್ಯ. ಪ್ರತಿ ವರ್ಷ ನಮ್ಮಪ್ಪನ ತಿಥಿ ಯಾವತ್ತು ಭಟ್ರೇ ಅಂತ ಫೋನ್ ಮಾಡೋ ಮನೆಗಳು. ನಂದು ಮೂವತ್ತು ಮೂವತ್ತೈದು ಮನೆ ಇದ್ವು. ಎಲ್ಲ ನನ್ನ ತಲೇಲಿತ್ತು, ಅವರತ್ರ ಇಲ್ಲ, ಎಷ್ಟೋ ಜನಕ್ಕೆ ಇಂಗ್ಲಿಷ್ ತಾರೀಕು ಬಿಟ್ರೆ ಬೇರೆ ಗೊತ್ತಿಲ್ಲ. ಪ್ರತಿ ಮನೆಗೂ ಒಂದೊಂದು ಕಾರ್ಡ್ ಬರೆದೆ: ತೀರಿಕೊಂಡವರ ಹೆಸರು, ಗೋತ್ರ, ಮಾಸ, ಪಕ್ಷ, ತಿಥಿ. ಅದಿದ್ರೆ ಯಾವ ಪುರೋಹಿತರು ಬೇಕಾದ್ರೂ ದಿನ ತೆಗೆದು ಕೊಡ್ತಾರೆ. ಈ ಕಾರ್ಡ್ ಕೈಗೆ ಕೊಟ್ಟಾಗ ಕಣ್ಣಲ್ಲಿ ನೀರು ತಂದುಕೊಂಡವರು ಸನ್ಮಾನದ ದಿನಕ್ಕಿಂತ ಜಾಸ್ತಿ.

ಬರೆಯಬಾರದ್ದೂ ಇದೆ. ಜನ ಗರ್ಭಗುಡಿ ಮುಂದೆ ಎಷ್ಟೋ ಹೇಳ್ಕೊಂಡಿರ್ತಾರೆ. ಯಾರ ಮನೆಲಿ ಗಂಡ ಹೆಂಡತಿ ಬೇರೆ ಆಗೋ ಮಾತು ನಡೀತಿದೆ, ಯಾರಿಗೆ ಕಾಯಿಲೆ, ಯಾರ ಮಗ ಮನೆ ಬಿಟ್ಟು ಹೋಗಿದಾನೆ, ಯಾರ ಕೆಲಸ ಹೋಗಿ ವೀಸಾ ಕಷ್ಟದಲ್ಲಿದೆ. ಅದು ಹೊಸ ಅರ್ಚಕರಿಗೂ ಹೇಳೋದಲ್ಲ, ಟ್ರಸ್ಟಿಗಳಿಗೂ ಹೇಳೋದಲ್ಲ. ಅವರಿಗೆ ನಂಬಿಕೆ ಬಂದಾಗ ಅವರೇ ಹೇಳ್ಕೊಳ್ತಾರೆ. ನಿಮ್ಮ ಫೋನಲ್ಲಿ ಇರೋ ಜಾತಕದ ಫೋಟೋಗಳನ್ನ ಅವರವರಿಗೆ ವಾಪಸ್ ಕಳ್ಸಿ ಅಳಿಸಿಬಿಡಿ.

ಮನೆಮನೆಗೆ

1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ಹೋದ ಡಾಕ್ಟ್ರು, ಇಂಜಿನಿಯರ್‌ಗಳ ತಲೆಮಾರು ಇದೆಯಲ್ಲ, ಅಲ್ಲಿ ದೇವಸ್ಥಾನ ಕಟ್ಟಿದವರು ಅವರೇ. ನ್ಯೂಯಾರ್ಕಿನ ಫ್ಲಶಿಂಗ್ ಗಣಪತಿ ದೇವಸ್ಥಾನ 1977ರಲ್ಲಿ ಪ್ರತಿಷ್ಠೆ ಆದಾಗ ಮೂವತ್ತು ಮೂವತ್ತೈದರ ಪ್ರಾಯದಲ್ಲಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಎಲ್ಲ ಊರಿನ ದೇವಸ್ಥಾನದಲ್ಲೂ ಆ ವಯಸ್ಸಿನವರು ಇದ್ದೇ ಇರ್ತಾರೆ, ಮಕ್ಕಳು ಬೇರೆ ಊರಲ್ಲಿ, ದೊಡ್ಡ ಮನೆ, ಇಬ್ಬರೇ ಅಥವಾ ಒಬ್ಬರೇ. ಅವರಿಂದ ಶುರು ಮಾಡಿ. ಅವರನ್ನ ಮತ್ತೆ ನೋಡ್ತೀರಿ ಅನ್ನೋ ಖಾತ್ರಿ ಇಲ್ಲ, ಅದು ಅವರಿಗೂ ಗೊತ್ತು.

ಮೈಸೂರಿನ ಕಡೆ ಅಜ್ಜಿ ಒಬ್ರಿದ್ರು. ಕೋವಿಡ್ ವರ್ಷ ಅವರ ಯಜಮಾನರು ತೀರಿಕೊಂಡಾಗ ಫ್ಯೂನರಲ್ ಹೋಮ್‌ಗೆ ಹತ್ತು ಜನಕ್ಕಿಂತ ಹೆಚ್ಚು ಬಿಡ್ಲಿಲ್ಲ, ನಾನು ಮಂತ್ರ ಹೇಳಿದೆ, ಮಗಳು ಬೇರೆ ರಾಜ್ಯದಿಂದ ಪರದೇಲಿ ನೋಡಿದ್ರು. ಹೊರಡ್ತೀನಿ ಅಂತ ಹೇಳೋಕೆ ಅವರ ಮನೆಗೆ ಹೋದಾಗ ಕಾಫಿ ಕೊಟ್ರು, ಸುಮಾರು ಹೊತ್ತು ಸುಮ್ನಿದ್ರು, ಆಮೇಲೆ "ನನ್ ಕೊನೇ ಕೆಲ್ಸಕ್ಕೆ ನೀವೇ ಇರ್ತೀರಿ ಅಂದ್ಕೊಂಡಿದ್ದೆ ಭಟ್ರೇ" ಅಂದ್ರು.

ಇಂಥ ಮಾತಿಗೆ ಉತ್ತರ ಕೊಡೋಕೆ ಹೋಗಬೇಡಿ. ಹಾಗೆಲ್ಲ ಮಾತಾಡಬೇಡಿ ಅಮ್ಮ, ನೂರು ವರ್ಷ ಇರ್ತೀರಿ ಅಂತ ತೇಲಿಸಬೇಡಿ, ಅವರು ನಿಜವಾದ ಮಾತು ಆಡಿದಾರೆ. ನಾನು ಸ್ವಲ್ಪ ಹೊತ್ತು ಕೂತೆ. ಆಮೇಲೆ ನಿಮಗೆ ಏನೇನು ಹೇಗೆ ಆಗ್ಬೇಕು ಅಂತ ಇದೆ ಹೇಳಿ, ಬರ್ಕೊಳ್ತೀನಿ ಅಂದೆ. ಹೇಳಿದ್ರು: ಯಾವ ಸೀರೆ, ಅಸ್ಥಿ ಪಶ್ಚಿಮವಾಹಿನಿಗೆ ಹೋಗ್ಬೇಕು, ಹದಿಮೂರನೇ ದಿನ ಯಾರಿಗೆ ಊಟ. ಎಲ್ಲ ಕನ್ನಡದಲ್ಲಿ ಬರೆದು ಅವರ ಮಗಳಿಗೆ ಇಂಗ್ಲಿಷಿನಲ್ಲೂ ಬರೆಸಿ ಕಳ್ಸಿದೆ, ನಾನು ಕಾಶಿಯಿಂದ ತಂದ ಮುಚ್ಚಿದ ಗಂಗೆ ಗಿಂಡಿ ಅವರ ದೇವರ ಕೋಣೆಲಿ ಇಟ್ಟು ಬಂದೆ. ಎರಡು ವಾರ ಬಿಟ್ಟು ಹೊಸ ಭಟ್ರನ್ನ ಕರ್ಕೊಂಡು ಮತ್ತೆ ಅದೇ ಮನೆಗೆ ಹೋಗಿ ಪರಿಚಯ ಮಾಡ್ಸಿದೆ. ಕಷ್ಟದ ಮನೆಗಳಿಗೆಲ್ಲ ಹೀಗೆ ಎರಡು ಸಲ ಹೋಗಿ, ಒಂದ್ಸಲ ನೀವೊಬ್ರೇ, ಇನ್ನೊಂದ್ಸಲ ಹೊಸಬರ ಜೊತೆ.

ಇಲ್ಲಿ "ಬರ್ತೀನಿ" ಅನ್ನೋ ಮಾತಿನ ಬಗ್ಗೆ ಹೇಳ್ಬೇಕು. ನಮ್ಮಲ್ಲಿ ಹೋಗ್ತೀನಿ ಅನ್ನಲ್ಲ, ಹೋಗಿ ಬರ್ತೀನಿ ಅಂತೀವಿ, ಊರಲ್ಲಿ ನಮ್ಮ ಮನೆಮಾತಲ್ಲಿ ಹೋಗ್ಬತ್ತಿ. ಗಣಪತಿ ಬಿಡುವಾಗಲೂ ಪುನರಾಗಮನಾಯ ಚ ಅಂತಲೇ ಕಳಿಸೋದು. ಹಾಗಂತ ಮತ್ತೆ ಬರೋ ದಾರಿ ಕಾಣದೇ ಇರುವಾಗ ಬಂದೇ ಬರ್ತೀನಿ ಅಂತ ಆಸೆ ಹುಟ್ಟಿಸೋದು ಸರಿ ಅಲ್ಲ, ಆ ಅಜ್ಜಿ ಅದನ್ನೇ ನಂಬಿ ಕಾಯ್ತಾರೆ. ನಾನು ಮಾಡಿದ್ದು ಇಷ್ಟು: ಒಳಗೆ ಕೂತಿರುವಾಗಲೇ, ಅಮ್ಮ ನನಗೆ ಮತ್ತೆ ಬರೋದು ಆಗದೇ ಇರಬಹುದು ಅಂತ ಬಿಡಿಸಿ ಹೇಳ್ದೆ. ಆಮೇಲೆ ಕುಂಕುಮ ತಗೊಂಡು ಹೊಸ್ತಿಲಿಗೆ ಬಂದಾಗ ಬರ್ತೀನಿ ಅಂದೆ. ಅವರೂ ಹೋಗಿ ಬನ್ನಿ ಅಂದ್ರು. ಮೊದಲು ನಿಜ ಹೇಳಿ ಆಗಿದ್ರೆ ಹೊಸ್ತಿಲಲ್ಲಿ ಆ ಮಾತು ಸುಳ್ಳಾಗಲ್ಲ, ಅದು ಆಶೀರ್ವಾದದ ಥರ ಉಳಿಯತ್ತೆ.

ಜಗಳ ಆದ ಮನೆಗೂ ಹೋಗಿ. ಒಂದು ಗೃಹಪ್ರವೇಶದ ದಕ್ಷಿಣೆ ವಿಷಯದಲ್ಲಿ ಒಬ್ರ ಜೊತೆ ನಂಗೆ ಮಾತು ಬಿಟ್ಟು ಹೋಗಿತ್ತು. ಹೋಗಿ ಕೂತೆ, ಹಳೇದು ಎತ್ತಲಿಲ್ಲ, ತಪ್ಪಿದ್ರೆ ಮನಸ್ಸಲ್ಲಿ ಇಟ್ಕೋಬೇಡಿ ಅಂತ ಒಂದೇ ಮಾತು. ಅವರೇ ಏರ್‌ಪೋರ್ಟಿಗೆ ಬಿಡೋಕೆ ಬಂದ್ರು.

ಮಕ್ಕಳಿಗೆ ಹೇಳೋದು

ಶ್ಲೋಕದ ಕ್ಲಾಸಿನ ಮಕ್ಕಳಿಗೆ ಆರು ವಾರ ಮೊದಲೇ ಹೇಳಿ, ಪ್ರತಿ ವಾರ ಇನ್ನು ಐದು ಕ್ಲಾಸು, ನಾಲ್ಕು ಕ್ಲಾಸು ಅಂತ ಎಣಿಸ್ತಾ ಹೋಗಿ. ಮಕ್ಕಳಿಗೆ ಎಣಿಕೆ ಇದ್ರೆ ಸಮಾಧಾನ. ದೇವರು ಇಲ್ಲೇ ಇರ್ತಾರೆ, ನಾನು ಮಾತ್ರ ಹೊರಡೋದು ಅಂತ ಹೇಳಿ, ಚಿಕ್ಕ ಮಕ್ಕಳು ಇದನ್ನೇ ಕೇಳ್ತಾರೆ, ನಿಜವಾಗ್ಲೂ ಕೇಳ್ತಾರೆ. ಪ್ರಾಣಪ್ರತಿಷ್ಠೆ ಆದ ಮೂರ್ತಿಗೆ ಚೌತಿ ಗಣಪತಿ ಹಾಗೆ ವಿಸರ್ಜನೆ ಇಲ್ಲ ಅನ್ನೋದು ನಮಗೆ ಗೊತ್ತಿರೋ ವಿಷಯ, ಅವರಿಗೆ ಹೇಳ್ಬೇಕು. ಕೊನೇ ಕ್ಲಾಸಲ್ಲಿ ಅವರು ಕಲ್ತಿದ್ದನ್ನ ಹೊಸ ಭಟ್ರ ಎದುರಿಗೆ ಹೇಳಿಸಿ.

ನಿಮ್ಮ ಮಕ್ಕಳನ್ನೂ ಮರೀಬೇಡಿ. ಎಲ್ಲರ ಮನೆಗೆ ಹೋಗ್ತಾ ಹೋಗ್ತಾ ನಮ್ಮ ದೊಡ್ಡವನು ಅವನ ಸ್ಕೂಲ್ ಬಸ್ಸಿನ ಡ್ರೈವರಮ್ಮನಿಗೆ ಹೇಳೋದೇ ಆಗ್ಲಿಲ್ಲ ಅಂತ ವಿಮಾನದಲ್ಲಿ ಅತ್ತ. ಅವನಿಗೂ ಅವನದೇ ಪಟ್ಟಿ ಮಾಡೋಕೆ ಹೇಳ್ಬೇಕಿತ್ತು. ಸ್ಕೂಲಿಂದ ಅಂಕಪಟ್ಟಿ, ಲಸಿಕೆ ದಾಖಲೆ ಎಲ್ಲ ಸಹಿ ಸೀಲು ಸಮೇತ ತಗೊಳ್ಳಿ, ಇಲ್ಲಿ ಅಡ್ಮಿಶನ್ ಹೊತ್ತಿಗೆ ಕೇಳ್ತಾರೆ.

ದೇವಸ್ಥಾನದ ಹೊರಗೆ

ಹಿಮ ಎತ್ತೋಕೆ ಬರ್ತಿದ್ದ ಮೆಕ್ಸಿಕೋದವರು, ಹಬ್ಬದ ದಿನ ಕಾರು ನಿಲ್ಲಿಸೋಕೆ ಜಾಗ ಕೊಡ್ತಿದ್ದ ಪಕ್ಕದ ಚರ್ಚಿನ ಪಾದ್ರಿ, ಹೂವಿನ ಅಂಗಡಿಯವರು. ಒಂದು ಡಬ್ಬಿ ಮೈಸೂರ್‌ಪಾಕು, ಎರಡು ಮಾತು, ಸಾಕು.

ನಮ್ಮ ಅಪಾರ್ಟ್‌ಮೆಂಟಿನ ಮೇಲೆ ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಇಬ್ಬರು ಹುಡುಗರಿದ್ರು, ಬಿಳಿ ಶರ್ಟು, ಟೈ, ಎದೆ ಮೇಲೆ ಹೆಸರಿನ ಪಟ್ಟಿ. ಅವರಲ್ಲಿ ಹುಡುಗರು ಎರಡು ವರ್ಷ, ಹುಡುಗೀರು 18 ತಿಂಗಳು ಮಿಷನ್, ಅಂದ್ರೆ ಧರ್ಮಪ್ರಚಾರಕ್ಕೆ ಹೋಗ್ತಾರೆ, ಆರಾರು ವಾರಕ್ಕೆ ವರ್ಗಾವಣೆ ಆಗೋ ಸಾಧ್ಯತೆ ಇರತ್ತಂತೆ. ನಮ್ಮ ಧರ್ಮ ಬೇರೆ, ಕೆಲಸ ಬೇರೆ, ಆದ್ರೆ ಮನೆ ಬಿಟ್ಟು ದೇವರ ಹೆಸರಲ್ಲಿ ದೂರ ಬಂದವರು ಅನ್ನೋದು ಒಂದೇ. ಅದರಲ್ಲಿ ಒಬ್ಬ ಹುಡುಗ ಊರಿಗೆ ಹೊರಡೋ ದಿನ ನಮ್ಮ ಬಾಗಿಲಿಗೆ ಬಂದು ಒಂದು ನೋಟ್‌ಬುಕ್ ಕೊಟ್ಟು ನಿಮ್ಮ ಭಾಷೆಲಿ ಏನಾದ್ರೂ ಬರೀರಿ ಅಂದ. ಕನ್ನಡದಲ್ಲಿ ಬರೆದು ಕೊಟ್ಟೆ. ಅದನ್ನ ನೋಡಿ ನಾನೂ ಒಂದು ಪುಸ್ತಕ ಇಟ್ಟೆ, ಹೋದ ಮನೆಲೆಲ್ಲ ಒಂದು ಸಾಲು ಬರೆಸಿದೆ. ಈಗ ನಮ್ಮ ಜಗಲಿ ಕಪಾಟಲ್ಲಿದೆ, ಮಳೆಗಾಲದಲ್ಲಿ ಕರೆಂಟ್ ಹೋದಾಗ ಮಕ್ಕಳು ತೆಗೆದು ಓದಿಸ್ತಾರೆ.

ಸನ್ಮಾನ, ಕವರು, ದುಡ್ಡು, ಸಾಮಾನು

ಸನ್ಮಾನ ಮಾಡ್ತೀವಿ ಅಂದ್ರೆ ಬೇಡ ಅನ್ನಬೇಡಿ, ಅದು ಅವರ ಸಮಾಧಾನಕ್ಕೂ ಬೇಕು. ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಬೇಡಿ. ಹಳೇ ಬೇಜಾರು, ಸಂಬಳದ ವಿಷಯ ಆ ಮೈಕಿಗೆ ತರಬೇಡಿ, ಅದಿದ್ರೆ ಟ್ರಸ್ಟಿನ ಕೋಣೆಲಿ ಕೂತು ಹೇಳಿ. ಕೈಗೆ ಬರೋ ಕವರುಗಳ ಬಗ್ಗೆ ದೇವಸ್ಥಾನದ ನಿಯಮ ಏನು ಅಂತ ಮೊದಲೇ ಕೇಳಿ ಅದರ ಪ್ರಕಾರ ನಡೀರಿ, ಎಲ್ಲ ತೆರೆದು ಇರಲಿ.

ಮನೆಯವರೆಲ್ಲ ಸೇರಿ 10,000 ಡಾಲರಿಗಿಂತ ಹೆಚ್ಚು ನಗದು ತರ್ತೀರಿ ಅಂದ್ರೆ ಅಲ್ಲಿ ಹೊರಡುವಾಗ ಘೋಷಣೆ ಮಾಡ್ಬೇಕು, ಇಲ್ಲಿ ಇಳಿದಾಗ ನೋಟು 5,000 ಡಾಲರ್ ಮೀರಿದ್ರೂ ಹೇಳ್ಬೇಕು. ಬ್ಯಾಂಕ್ ಮೂಲಕ ಕಳ್ಸೋದೇ ಒಳ್ಳೇದು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರೋರಿಗೆ ಸುಂಕ ಇಲ್ಲದೆ ತರೋ ಆಭರಣ ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ, ಈ ನಿಯಮ ಬದಲಾಗಬಹುದು, ಹೊರಡೋ ತಿಂಗಳು ನೋಡ್ಕೊಳ್ಳಿ. ಇಲ್ಲಿ ಬಂದ್ಮೇಲೆ ಎನ್‌ಆರ್‌ಐ ಖಾತೆಗಳನ್ನ ರೆಸಿಡೆಂಟ್ ಖಾತೆ ಮಾಡ್ಸಬೇಕು, ಡಾಲರಲ್ಲೇ ಇಡೋಕೆ ಆರ್‌ಎಫ್‌ಸಿ ಖಾತೆ ಇದೆ. ಅಲ್ಲಿನ ಒಂದು ಅಕೌಂಟ್ ಕೊನೇ ಟ್ಯಾಕ್ಸ್ ಮುಗಿಯೋ ತನಕ ಇಟ್ಕೊಳ್ಳಿ, ವರ್ಷದ ಸಂಬಳ, ಕಡಿತದ ಲೆಕ್ಕ ಇರೋ ಡಬ್ಲ್ಯೂ-2 ಫಾರ್ಮ್ ಜನವರಿ ಕೊನೆಗೆ ಬರೋದು, ಏಪ್ರಿಲ್ 15ಕ್ಕೆ ರಿಟರ್ನ್. ಸೋಶಿಯಲ್ ಸೆಕ್ಯುರಿಟಿ ಪಿಂಚಣಿಗೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ಸಿಗೋದು ಹೆಚ್ಚಂದ್ರೆ 4, ಐದು ವರ್ಷಕ್ಕೆ ಅದು ಮುಟ್ಟಲ್ಲ, ಆ ಲೆಕ್ಕ ಮನಸ್ಸಿಂದ ತೆಗೆದುಬಿಡಿ.

ಸಾಮಾನು ಕಡಿಮೆ ತನ್ನಿ. ನಿಮ್ಮ ಸಾಲಿಗ್ರಾಮ, ಪಂಚಪಾತ್ರೆ, ಪುಸ್ತಕ ಕೈಚೀಲದಲ್ಲಿ ಇರಲಿ, ಸೂಟ್‌ಕೇಸಿಗೆ ಹಾಕಬೇಡಿ. ಸೆಕ್ಯುರಿಟಿಲಿ ತೆಗೆದು ನೋಡ್ತೀವಿ ಅಂದ್ರೆ ನಾನೇ ತೆಗೆದು ತೋರಿಸ್ತೀನಿ ಅಂತ ನಿಧಾನಕ್ಕೆ ಹೇಳಿ. ಅಜ್ಜನೂ ಮುಳುಗಡೆಯಿಂದ ಬರುವಾಗ ದೇವರನ್ನ ಗಾಡಿಲಿ ಇಡದೆ ಮಡಿಲಲ್ಲೇ ಹೊತ್ತು ತಂದಿದ್ರು, ಅದೇ ಸಾಲಿಗ್ರಾಮ ನನ್ನ ಜೊತೆ ಅಮೆರಿಕ ಕಂಡು ಬಂತು.

ಕೊನೇ ಎರಡು ವಾರ

ಹೊಸ ಅರ್ಚಕರು ಬಂದ ಮೇಲೆ ಕಡೇ ಪಕ್ಷ ಎರಡು ವಾರ ಇಬ್ಬರೂ ಒಟ್ಟಿಗೆ ಇರೋ ಹಾಗೆ ಮಾಡಿ. ಮೊದಲ ವಾರ ನೀವು ಪೂಜೆ ಮಾಡಿ ಅವರು ಪಕ್ಕದಲ್ಲಿ. ಎರಡನೇ ವಾರ ಅವರು ಮಾಡ್ಲಿ ನೀವು ಪಕ್ಕದಲ್ಲಿ, ನೀರು ಹೂವು ಎತ್ತಿ ಕೊಡಿ. ಸಂಕಲ್ಪಕ್ಕೆ ಜನ ನಿಮ್ಮ ಕಡೆಗೇ ತಿರುಗ್ತಾರೆ, ಅವರ ಕಡೆ ಕೈ ತೋರಿಸಿ. ಅವರ ಉಚ್ಚಾರ, ಅವರ ಪದ್ಧತಿ ಸ್ವಲ್ಪ ಬೇರೆ ಇದ್ರೆ ಜನರ ಎದುರಿಗೆ ತಿದ್ದಬೇಡಿ.

ಕೊನೇ ದಿನ ದೊಡ್ಡ ಹೋಮ ಇಟ್ಕೋಬೇಡಿ, ನಿತ್ಯಪೂಜೆ ಸಾಕು. ಬೆಳಿಗ್ಗೆ ನೀವು ಅಭಿಷೇಕ ಮಾಡಿ. ಸಂಜೆ ಮಹಾಮಂಗಳಾರತಿ ಅವರ ಕೈಲಿ ಇರಲಿ. ನಾನು ಆವತ್ತು ಗರ್ಭಗುಡಿಯಿಂದ ಹೊರಗೆ ಬಂದು ಜನರ ಮಧ್ಯೆ ನಿಂತೆ, ಎರಡೂವರೆ ವರ್ಷದಲ್ಲಿ ಆ ಜಾಗದಿಂದ ದೇವರನ್ನ ನೋಡೇ ಇರಲಿಲ್ಲ. ದೀಪದ ಬೆಳಕಲ್ಲಿ ಮುಖ ಅಷ್ಟು ಚೆನ್ನಾಗಿ ಕಾಣತ್ತೆ ಅಂತ ಗೊತ್ತಿರಲಿಲ್ಲ. ಹೊಸ ಭಟ್ರು ಎಲ್ಲರಿಗೂ ಕೊಡ್ತಾ ಬಂದು ನನಗೂ ತೀರ್ಥ ಕೊಟ್ರು, ಕೈ ನೀಡಿ ತಗೊಂಡೆ. ಅದನ್ನ ನೋಡಿದ ಜನ ಆಮೇಲೆ ಅವರನ್ನ ಒಪ್ಪಿಕೊಳ್ಳೋದಕ್ಕೆ ಹೊತ್ತು ತಗೊಳ್ಲಿಲ್ಲ ಅಂತ ಕೇಳಿದೀನಿ.

ಕೀಲಿಕೈ ದೇವರ ಎದುರಿಗೇ ಕೊಡಿ.

ಊರಿಗೆ ಬಂದ ಮೇಲೆ

ವಾಟ್ಸಾಪ್ ಗ್ರೂಪಿಂದ ಒಂದು ತಿಂಗಳೊಳಗೆ ಹೊರಗೆ ಬನ್ನಿ, ಒಂದು ಮಾತು ಬರೆದು ಬನ್ನಿ, ಸುಮ್ನೆ ಮಾಯ ಆಗಬೇಡಿ. ಮೊದಲ ವರ್ಷ ಆ ಊರಿನ ಮನೆಗಳಿಗೆ ಆನ್‌ಲೈನ್ ಪೂಜೆ ಒಪ್ಪಿಕೊಳ್ಳಬೇಡಿ. ನೀವೇ ಮಾಡಿಕೊಡಿ ಭಟ್ರೇ, ಅವರದ್ದು ನಮಗೆ ಹಿಡಿಸ್ತಿಲ್ಲ ಅಂತ ಫೋನ್ ಬಂದೇ ಬರತ್ತೆ, ದುಡ್ಡೂ ಬರತ್ತೆ, ಬೇಡ ಅನ್ನಿ. ಅಲ್ಲಿ ಒಬ್ಬ ಮನುಷ್ಯ ಚಳಿಲಿ ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲು ತೆಗೀತಾ ಇದಾನೆ. ಕುಶಲ ಕೇಳೋಕೆ ಮಾಡಿದ್ರೆ ಎಷ್ಟು ಹೊತ್ತಾದ್ರೂ ಮಾತಾಡಿ. ಆ ಮೈಸೂರಿನ ಅಜ್ಜಿ ಸಂಕ್ರಾಂತಿಗೆ, ಯುಗಾದಿಗೆ ಫೋನ್ ಮಾಡ್ತಿದ್ರು. 2024ರ ಚಳಿಗಾಲದಲ್ಲಿ ಅವರ ಮಗಳು ಮಾಡಿದ್ರು. ನೀವು ಬರೆದು ಕೊಟ್ಟ ಹಾಳೆ ಪ್ರಕಾರವೇ ಎಲ್ಲ ಆಯ್ತು, ಹೊಸ ಭಟ್ರು ಚೆನ್ನಾಗಿ ಮಾಡಿಸಿದ್ರು ಅಂದ್ರು. ಗಿಂಡಿ ತೆಗೆದ್ರಾ ಅಂತ ಕೇಳ್ದೆ, ತೆಗೆದ್ವಿ ಅಂದ್ರು.

ನಾವು ಬಂದಿಳಿದಿದ್ದು ಜೂನ್ ಕೊನೆಗೆ. ರಾತ್ರಿ ತಾಳಗುಪ್ಪ ರೈಲು, ಬೆಳಿಗ್ಗೆ ಸಾಗರ, ಆಮೇಲೆ ಹೊಳೆಬಾಗಿಲು. ಆಗಿನ್ನೂ ಸೇತುವೆ ಆಗಿರಲಿಲ್ಲ, ಅದು ಶುರು ಆಗಿದ್ದು 2025ರ ಜುಲೈನಲ್ಲಿ, ಲಾಂಚಿಗೆ ಕಾದು ದಾಟಿದ್ವಿ, ಮಕ್ಕಳು ಕಂಬಿ ಹಿಡ್ಕೊಂಡು ನಿಂತಿದ್ರು, ಈ ನೀರಿನ ಕೆಳಗೆ ಮುತ್ತಜ್ಜನ ಮನೆ ಇತ್ತು ಅಂತ ತೋರಿಸಿದೆ. ಆಯಿ, ಅಂದ್ರೆ ನಮ್ಮಮ್ಮ, ಅಂಗಳಕ್ಕೇ ಬಂದು ನಿಂತಿದ್ಲು, ಕಾಲು ತೊಳೆಯೋಕೆ ನೀರು, ಆಸ್ರಿಗೆ ಮಜ್ಜಿಗೆ.

ಸ್ನಾನ ಮಾಡಿ ಚೀಲದಿಂದ ಸಾಲಿಗ್ರಾಮ ತೆಗೆದು ಅದರ ಹಳೇ ಪೀಠದಲ್ಲಿಟ್ಟು ಪೂಜೆಗೆ ಕೂತೆ. ಅಮೆರಿಕದಲ್ಲಿ ಸಂಕಲ್ಪಕ್ಕೆ ಇರೋ ಜಾಗ ಹೇಳುವಾಗ ಬಹಳ ಕಡೆ ಕ್ರೌಂಚದ್ವೀಪೇ ರಮಣಕವರ್ಷೇ ಅಂತ ಹೇಳೋ ರೂಢಿ, ನಾನೂ ಐದು ವರ್ಷ ದಿನಾ ಹಾಗೇ ಹೇಳಿದ್ದೆ. ಆವತ್ತು ಕೈಲಿ ಅಕ್ಷತೆ ಹಿಡ್ಕೊಂಡು ಶುರು ಮಾಡಿದಾಗ ನಾಲಿಗೆಗೆ ಅದೇ ಬಂತು. ಅರ್ಧಕ್ಕೆ ನಿಂತೆ. ಹಿಂದೆ ಬಾಗಿಲಲ್ಲಿ ಕೂತಿದ್ದ ಆಯಿ, ಎಪ್ಪತ್ತು ವರ್ಷದಿಂದ ದಿನಾ ಕೇಳಿದವಳು, ಮೆಲ್ಲಗೆ "ಜಂಬೂದ್ವೀಪೇ, ತಮಾ" ಅಂದ್ಲು. ಕೈಲಿದ್ದ ಅಕ್ಷತೆ ಹಾಗೇ ಇತ್ತು, ಮೊದಲಿಂದ ಶುರು ಮಾಡ್ದೆ.